ನಾಲ್ಕು ಸೆಕೆಂಡ್ ತಡವಾಗಿದ್ದು ಏಕೆ?

2023ರ ಜುಲೈ 14ರಂದು ಚಂದ್ರಯಾನ–3 ಹೊತ್ತ ರಾಕೆಟ್ ಶ್ರೀಹರಿಕೋಟಾದಿಂದ ಮೇಲೇರಿದ್ದು ಮಧ್ಯಾಹ್ನ 2 ಗಂಟೆ 35 ನಿಮಿಷ 17 ಸೆಕೆಂಡಿಗೆ. ಮೊದಲ ಲೆಕ್ಕದ ಪ್ರಕಾರ ಅದು ನಾಲ್ಕು ಸೆಕೆಂಡ್ ಮುಂಚೆಯೇ ಹೊರಡಬೇಕಿತ್ತು. ದಾರಿಗೆ ಅಡ್ಡ ಬರಬಹುದಾಗಿದ್ದ ವಸ್ತುವಿನಿಂದ ತಪ್ಪಿಸಿಕೊಳ್ಳಲು ಇಸ್ರೊ ಅಷ್ಟು ಹೊತ್ತು ಕಾಯಿತು.

ನಾಲ್ಕು ಸೆಕೆಂಡಿನಲ್ಲಿ ಏನು ಮಹಾ ಎನ್ನಿಸಬಹುದು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತುವ ತುಣುಕಿನ ವೇಗ ಸೆಕೆಂಡಿಗೆ ಸುಮಾರು 7.5 ಕಿ.ಮೀ. ಅಂದರೆ ಅಷ್ಟರಲ್ಲಿ 30 ಕಿ.ಮೀ. ಕ್ರಮಿಸಿರುತ್ತದೆ. ನಮ್ಮ ಚಿಗಟೇರಿಯಿಂದ ಹರಪನಹಳ್ಳಿಗೆ ಹೋಗುವ ಬಸ್ಸು ಊರ ಸ್ಟ್ಯಾಂಡ್ ಬಿಡುವಷ್ಟರಲ್ಲಿ ಅದು ಹರಪನಹಳ್ಳಿಯನ್ನೇ ದಾಟಿರುತ್ತದೆ! ಹತ್ತು ಸೆಂಟಿಮೀಟರಿಗಿಂತ ದೊಡ್ಡ ತುಣುಕುಗಳೇ 30 ಸಾವಿರಕ್ಕೂ ಹೆಚ್ಚು ಇವೆ. ಕೆಟ್ಟ ಉಪಗ್ರಹ, ಖಾಲಿ ರಾಕೆಟ್ ಹಂತ, ಒಡೆದ ಚೂರು ಎಲ್ಲವೂ ಸೇರಿ.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಪ್ರಶ್ನೆ. ಆ ತುಣುಕು ಈಗ ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ? ರೇಡಾರ್‌ಗೆ ಅದು ಕಾಣುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಲೆಕ್ಕವೇ ಗತಿ. ಅಷ್ಟು ಎತ್ತರದಲ್ಲೂ ತೆಳುವಾದ ಗಾಳಿ ಇರುತ್ತದೆ, ಸೂರ್ಯನ ಚಟುವಟಿಕೆ ಹೆಚ್ಚಿದಾಗ ಅದು ಉಬ್ಬುತ್ತದೆ, ತುಣುಕನ್ನು ಹೆಚ್ಚು ತಡೆಯುತ್ತದೆ. ಹೀಗಾಗಿ ದಿನ ಕಳೆದಂತೆ ಲೆಕ್ಕ ದಾರಿ ತಪ್ಪುತ್ತದೆ.

ಈ ತಪ್ಪನ್ನು ಹದ್ದಿನಲ್ಲಿಡುವ ಕೆಲಸವನ್ನು ಎರಡು ದಶಕಗಳ ಹಿಂದೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೈಗೆತ್ತಿಕೊಂಡವರು ವೈಮಾಂತರಿಕ್ಷ ವಿಭಾಗದ ಪ್ರೊ. ಎಂ.ಆರ್. ಅನಂತಶಯನಂ. ಅವರ ಜೊತೆ ಪಿಎಚ್.ಡಿ. ಮಾಡಿದವರು ಇಸ್ರೊದ ಎಂಜಿನಿಯರ್ ಎ.ಕೆ. ಅನಿಲ್ ಕುಮಾರ್. ಉಪಗ್ರಹ ಒಡೆಯುವುದು, ಚೂರುಗಳು ಹರಡುವುದು, ಡಿಕ್ಕಿಯ ಸಾಧ್ಯತೆ, ಕೊನೆಗೆ ವಾತಾವರಣಕ್ಕೆ ಮರಳುವುದು, ಇವೆಲ್ಲ ಆ ಒಂದೇ ಪ್ರಬಂಧದಲ್ಲಿವೆ.

ಅವರು ನೆಚ್ಚಿಕೊಂಡ ಸಾಧನ ಕಾಲ್ಮನ್ ಫಿಲ್ಟರ್. 1960ರಲ್ಲಿ ರುಡಾಲ್ಫ್ ಕಾಲ್ಮನ್ ಕೊಟ್ಟಿದ್ದು. ಹೆಸರು ಕೇಳಿ ಹೆದರಬೇಕಿಲ್ಲ. ಬಸ್ಸು ಹತ್ತು ನಿಮಿಷಕ್ಕೆ ಬರುತ್ತದೆಂದು ನೀವು ಅಂದಾಜು ಮಾಡಿದ್ದೀರಿ. ಅಷ್ಟರಲ್ಲಿ ಹಿಂದಿನ ಊರಿನ ಗೆಳೆಯ ಫೋನ್ ಮಾಡಿ, ‘ಈಗಷ್ಟೇ ಇಲ್ಲಿಂದ ಹೊರಟಿತು’ ಎನ್ನುತ್ತಾನೆ. ನಿಮ್ಮ ಅಂದಾಜನ್ನು ಎಷ್ಟು ನಂಬಬೇಕು, ಅವನ ಮಾತನ್ನು ಎಷ್ಟು? ಆ ಪಾಲಿಗೆ ‘ಗೇನ್’ ಎಂದು ಹೆಸರು. ಪ್ರತಿ ಹೊಸ ಸುದ್ದಿಗೂ ಅದನ್ನು ಲೆಕ್ಕ ಹಾಕುತ್ತಾ ಕೂರುವ ಬದಲು ಸರಿಯಾದ ಒಂದು ಸ್ಥಿರ ಗೇನ್ ಹುಡುಕಿಕೊಂಡರೆ ಕೆಲಸ ಸಲೀಸು ಎಂಬುದು ಈ ತಂಡದ ದಾರಿ. ಲಕ್ಷಾಂತರ ಚೂರುಗಳನ್ನು ಒಂದೊಂದಾಗಿ ಹಿಂಬಾಲಿಸದೆ, ಒಂದೇ ಬಗೆಯವನ್ನು ಗುಂಪು ಮಾಡಿ ಗುಂಪಿಗೊಂದು ಪ್ರತಿನಿಧಿ ಇಟ್ಟುಕೊಳ್ಳುವ ವಿಧಾನವನ್ನೂ ಅವರು ಕಟ್ಟಿದರು. ಚುನಾವಣೆಯಂತೆಯೇ ಅನ್ನಿ!

ಆ ಹೊತ್ತಿಗೆ ಇದು ಬರೀ ಪುಸ್ತಕದ ವಿಷಯವಾಗಿರಲಿಲ್ಲ. 2001ರ ಡಿಸೆಂಬರ್‌ನಲ್ಲಿ ನಮ್ಮದೇ ಪಿಎಸ್ಎಲ್‌ವಿ–ಸಿ3ರ ಕೊನೆಯ ಹಂತ ಕಕ್ಷೆಯಲ್ಲಿ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರುಗಳಾಗಿತ್ತು. ಅದು ಆಕಸ್ಮಿಕ. 2019ರ ‘ಮಿಷನ್ ಶಕ್ತಿ’ಯಲ್ಲಿ ಮಾತ್ರ ನಾವೇ ಬೇಕೆಂದು ಉಪಗ್ರಹ ಒಡೆದೆವು. ಕೆಳಗಿನ ಕಕ್ಷೆಯಾದ್ದರಿಂದ ಹೆಚ್ಚಿನ ಚೂರುಗಳು ಬೇಗ ಬಿದ್ದರೂ ಕೆಲವು ವರ್ಷಗಟ್ಟಲೆ ಉಳಿದವು. ಹೆಮ್ಮೆಪಟ್ಟ ನಾವು ಈ ಲೆಕ್ಕವನ್ನೂ ನೋಡಬೇಕಿತ್ತು.

ಇವತ್ತು ಬೆಂಗಳೂರಿನ ಪೀಣ್ಯದಲ್ಲಿ ಇದಕ್ಕೆಂದೇ ಇಸ್ರೊ ಕೇಂದ್ರವಿದೆ. ಉದ್ಘಾಟನೆಯಾದದ್ದು 2022ರ ಜುಲೈನಲ್ಲಿ. ಅನಿಲ್ ಕುಮಾರ್ ಮುಂದೆ ಪೀಣ್ಯದಲ್ಲೇ ಇರುವ ಇಸ್ಟ್ರಾಕ್ ನಿರ್ದೇಶಕರಾದರು. ಹಳೆಯ ಉಪಗ್ರಹ ಮೇಘಾ–ಟ್ರಾಪಿಕ್ಸ್‌ನ ಕಕ್ಷೆಯನ್ನು ಇಲ್ಲಿಂದಲೇ ಹಂತ ಹಂತವಾಗಿ ತಗ್ಗಿಸಿ, 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಬೀಳಿಸಿದರು. ಅದನ್ನು ಹಾಗೆ ಬೀಳಿಸಲೆಂದು ತಯಾರಿಸಿರಲಿಲ್ಲ. ಉಳಿದಿದ್ದ ಇಂಧನದಲ್ಲೇ ಹೊಂದಿಸಿಕೊಂಡರು. ಆದರೂ ಕಸದ ಪಟ್ಟಿಗಾಗಿ ನಾವು ಇಂದಿಗೂ ಬಹುಮಟ್ಟಿಗೆ ಅಮೆರಿಕವನ್ನು ಅವಲಂಬಿಸಿದ್ದೇವೆ. ನಮ್ಮದೇ ರೇಡಾರ್, ದೂರದರ್ಶಕಗಳ ಜಾಲ ಕಟ್ಟುವ ‘ನೇತ್ರ’ ಯೋಜನೆ ಇರುವುದು ಅದಕ್ಕಾಗಿ.

ಪ್ಲೇಸ್‌ಮೆಂಟ್ ಎಂದರೆ ಕೋಡಿಂಗ್ ಒಂದೇ ಎನ್ನುವ ಗೆಳೆಯರಿಗೆ ಒಂದು ಮಾಹಿತಿ: ಈ ಕೆಲಸಕ್ಕೆ ಬೇಕಾದದ್ದು ಸಂಭವನೀಯತೆ, ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಸಮೀಕರಣ, ಒಂದಿಷ್ಟು ಪ್ರೋಗ್ರಾಮಿಂಗ್. ಪಾಸಾದರೆ ಸಾಕೆಂದು ನಾವು ಓದುವ ಗಣಿತದ ಪತ್ರಿಕೆಗಳಲ್ಲೇ ಇವೆಲ್ಲ ಇವೆ. ಬೆಂಗಳೂರಿನ ದಿಗಂತರಾದಂಥ ಹೊಸ ಕಂಪನಿಗಳೂ ಕಸದ ಮೇಲೆ ಕಣ್ಣಿಡುವುದನ್ನೇ ಉದ್ಯಮ ಮಾಡಿಕೊಂಡಿವೆ. 2030ರ ಹೊತ್ತಿಗೆ ಭಾರತದ ಬಾಹ್ಯಾಕಾಶ ಯಾನಗಳು ಕಸ ಬಿಡಬಾರದು ಎಂದು ಇಸ್ರೊ ಗುರಿ ಇಟ್ಟುಕೊಂಡಿದೆ. ನಮ್ಮ ಬ್ಯಾಚು ಪದವಿ ಮುಗಿಸಿ ಕೆಲಸಕ್ಕೆ ಸೇರುವುದೂ ಸರಿಸುಮಾರು ಅದೇ ಹೊತ್ತಿಗೆ.