ಎರಡು ಅಳಿವೆಗಳ ನಡುವೆ ಒಂದು ದಿನ: ಮಿರ್ಜಾನದಿಂದ ಗೇರುಸೊಪ್ಪೆಯವರೆಗಿನ ಅಧ್ಯಯನ ಪ್ರವಾಸ

ಕರಾವಳಿಯನ್ನು ಅಭ್ಯಸಿಸುವವರು ಕೋಟೆ, ದೇವಾಲಯ, ಬಸದಿ, ಶಾಸನಗಳನ್ನು ಒಂದು ವರ್ಗವಾಗಿಯೂ, ನದಿ, ಅಳಿವೆ, ಕಾಂಡ್ಲಾವನ, ಮತ್ಸ್ಯಸಂಪತ್ತುಗಳನ್ನು ಇನ್ನೊಂದು ವರ್ಗವಾಗಿಯೂ ಭಾವಿಸುವುದು ವಾಡಿಕೆ. ಮೊದಲನೆಯದು ಇತಿಹಾಸದ ಅಧ್ಯಾಪಕರ ಪಾಲು. ಎರಡನೆಯದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಬೋಧಿಸುವವರ ಪಾಲು. ಹೀಗೆ ವಿಂಗಡಿಸಿ ನೋಡುವುದರಿಂದ ಪಾಠಕ್ಕೆ ಅನುಕೂಲವಾದರೂ ವಿಷಯದ ತಿರುಳು ಕೈಬಿಟ್ಟುಹೋಗುತ್ತದೆ. ಕೋಟೆ ಕಟ್ಟಿದವರು ಆ ಸ್ಥಳವನ್ನೇ ಏಕೆ ಆರಿಸಿಕೊಂಡರು, ಕಾಂಡ್ಲಾಗಿಡ ಅಲ್ಲಿಯೇ ಏಕೆ ಬೇರೂರಿತು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ: ಅಲ್ಲಿ ಸಿಹಿನೀರೂ ಉಪ್ಪುನೀರೂ ಕೂಡುತ್ತವೆ. ಇದನ್ನು ಪ್ರತ್ಯಕ್ಷವಾಗಿ ತೋರಿಸಬಲ್ಲ ಒಂದು ದಿನದ ಅಧ್ಯಯನ ಪ್ರವಾಸವನ್ನು ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರ ತಾಲ್ಲೂಕುಗಳಲ್ಲಿ ಹೇಗೆ ನಡೆಸಬಹುದೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಈ ಪ್ರದೇಶವನ್ನು ಆಯ್ದುಕೊಳ್ಳಲು ವಿಶೇಷ ಕಾರಣವುಂಟು. ಇಲ್ಲಿ ಅಘನಾಶಿನಿ ಮತ್ತು ಶರಾವತಿ ಎಂಬ ಎರಡು ನದಿಗಳು ಕೆಲವೇ ಹರದಾರಿಗಳ ಅಂತರದಲ್ಲಿ ಸಮುದ್ರವನ್ನು ಸೇರುತ್ತವೆ. ಎರಡೂ ಪಶ್ಚಿಮಘಟ್ಟದಿಂದ ಇಳಿದು ಬಂದವು. ಎರಡರ ಮೇಲೂ ಒಂದೇ ಮುಂಗಾರು ಮಳೆ ಸುರಿಯುತ್ತದೆ. ಎರಡರ ದಡಗಳಲ್ಲಿಯೂ ಕಾಳುಮೆಣಸಿನ ವ್ಯಾಪಾರದಿಂದ ಬೆಳೆದ ನೆಲೆಗಳಿದ್ದವು. ಆದರೆ ಅಘನಾಶಿನಿಗೆ ಅಣೆಕಟ್ಟಿಲ್ಲ, ಶರಾವತಿಗೆ ಉಂಟು. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಟ್ಟು ಪರೀಕ್ಷಿಸುವಂತೆ, ಪ್ರಕೃತಿಯೂ ಮನುಷ್ಯನೂ ಸೇರಿ ನಮ್ಮ ಮುಂದೆ ಒಂದು ಹೋಲಿಕೆಯನ್ನು ಇರಿಸಿದ್ದಾರೆ.

ಮಿರ್ಜಾನ ಕೋಟೆ

ಪ್ರವಾಸವನ್ನು ಬೆಳಗ್ಗೆ ಮಿರ್ಜಾನದಿಂದ ಆರಂಭಿಸುವುದು ಉಚಿತ. ಕುಮಟೆಯಿಂದ ಸುಮಾರು 11 ಕಿಲೋಮೀಟರು ದೂರದಲ್ಲಿ, ಹೆದ್ದಾರಿಗೆ ಸಮೀಪದಲ್ಲಿ, ಸುಮಾರು 10 ಎಕರೆಯಷ್ಟು ವಿಸ್ತಾರವುಳ್ಳ ಈ ಕೋಟೆಯಿದೆ. ಇದರ ಗೋಡೆಗಳೂ ದುಂಡು ಬುರುಜುಗಳೂ ಜಂಬಿಟ್ಟಿಗೆಯ ಕಲ್ಲಿನಿಂದಾದವು. ನೆಲದಿಂದ ಕಡಿದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವ ಈ ಕಲ್ಲು ಕರಾವಳಿಯ ನೆಲವೇ ಒದಗಿಸಿದ ಸಾಮಗ್ರಿ. ಸುತ್ತಲೂ ಕಂದಕ, ಒಳಗೆ ಹಲವು ಬಾವಿಗಳು, ಗುಪ್ತಮಾರ್ಗಗಳು ಇವೆ. ಮಳೆಗಾಲದಲ್ಲಿ ಗೋಡೆಗಳ ಮೇಲೆಲ್ಲ ಹಾವಸೆ ಬೆಳೆದು ಕೋಟೆಯೇ ಹಸುರಾಗುವುದುಂಟು.

ಕೋಟೆಯನ್ನು ಕಟ್ಟಿಸಿದವರಾರು ಎಂಬುದರಲ್ಲಿ ಏಕಾಭಿಪ್ರಾಯವಿಲ್ಲ. ವಿಜಾಪುರದ ಅಧಿಕಾರಿಗಳ ಹೆಸರನ್ನು ಕೆಲವರು ಹೇಳುವರು. ನಾಡಿನ ಸಂಪ್ರದಾಯವು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರನ್ನು ಹೇಳುತ್ತದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ಈ ಜೈನ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಭಾರತೀಯ ಪುರಾತತ್ತ್ವ ಇಲಾಖೆಯವರು 2000-01ರಲ್ಲಿ ಇಲ್ಲಿ ಉತ್ಖನನ ನಡೆಸಿದಾಗ ಚೀನಾ ದೇಶದ ಪಿಂಗಾಣಿಯ ಚೂರುಗಳು ದೊರೆತವು. ಇಂತಹ ಒಂದು ಚೂರನ್ನು ಕುರಿತು ಯೋಚಿಸಿದರೂ ಸಾಕು, ಈ ಸಣ್ಣ ಊರು ಹಿಂದೆ ಎಷ್ಟು ದೂರದ ಸಮುದ್ರಗಳೊಡನೆ ಸಂಬಂಧ ಇರಿಸಿಕೊಂಡಿತ್ತೆಂಬುದು ವಿದ್ಯಾರ್ಥಿಗಳ ಮನಸ್ಸಿಗೆ ಹತ್ತುತ್ತದೆ.

ಇಲ್ಲಿ ಇನ್ನೊಂದು ಪಾಠವನ್ನೂ ಹೇಳಬಹುದು. ಗ್ರೀಕ್ ಮತ್ತು ರೋಮನ್ ಬರಹಗಾರರು ಹೇಳುವ ಮುಜಿರಿಸ್ ಎಂಬ ಬಂದರು ಈ ಮಿರ್ಜಾನವೇ ಎಂದು ಹಿಂದಿನ ಕೆಲವು ವಿದ್ವಾಂಸರು ಊಹಿಸಿದ್ದರು. ಅದಕ್ಕೆ ಆಧಾರ ಹೆಸರುಗಳ ಹೋಲಿಕೆಯಷ್ಟೆ. ಈಗ ಮುಜಿರಿಸ್ ಕೇರಳದ ಪೆರಿಯಾರ್ ನದೀಮುಖದ ಪ್ರದೇಶದಲ್ಲಿತ್ತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಶಬ್ದಸಾಮ್ಯವೊಂದನ್ನೇ ನಂಬಿ ಇತಿಹಾಸವನ್ನು ಕಟ್ಟಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಬುರುಜಿನ ಮೇಲೆ ನಿಂತು ಕೇಳಬೇಕಾದ ಮುಖ್ಯ ಪ್ರಶ್ನೆ ಬೇರೆ. ಕೋಟೆಯು ಕಡಲತೀರದಲ್ಲಿಲ್ಲದೆ ಇಷ್ಟು ಒಳಗೆ ಏಕಿದೆ? ತೆರೆದ ಕಡಲಿನ ದಂಡೆಯಲ್ಲಿ ಮುಂಗಾರಿನ ಅಲೆಗಳಿಗೆ ದೋಣಿಗಳು ನಿಲ್ಲಲಾರವು. ನದಿಯ ಮುಖದಿಂದ ಒಳಕ್ಕೆ ಬಂದರೆ ಉಬ್ಬರವು ದೋಣಿಯನ್ನು ಮೇಲಕ್ಕೆ ಒಯ್ಯುತ್ತದೆ. ಇಳಿತವು ಸರಕು ತುಂಬಿದ ದೋಣಿಯನ್ನು ಕಡಲಿಗೆ ತಲುಪಿಸುತ್ತದೆ. ಘಟ್ಟದ ಮೇಲಿನಿಂದ ಎತ್ತುಗಳ ಮೇಲೆ ಬಂದ ಮೆಣಸು ನೀರನ್ನು ಮುಟ್ಟುವ ಸ್ಥಳದಲ್ಲಿ ಸಂತೆಯೂ ಸುಂಕದಕಟ್ಟೆಯೂ ಅವುಗಳನ್ನು ಕಾಯುವ ಕೋಟೆಯೂ ಹುಟ್ಟುವುದು ಸಹಜ. ಅಂದರೆ ಕೋಟೆಗೆ ಮೂಲಕಾರಣ ಉಬ್ಬರವಿಳಿತ.

ಅಘನಾಶಿನಿಯ ಅಳಿವೆ

ಕೋಟೆಯಿಂದ ಇಳಿದು ಅಳಿವೆಯ ಕಡೆಗೆ ನಡೆಯುವಾಗ ಆ ಉಬ್ಬರವಿಳಿತದ ಮತ್ತೊಂದು ಕಾರ್ಯವನ್ನು ಕಾಣುತ್ತೇವೆ. ಶಿರಸಿಯ ಸಮೀಪದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಈ ನದಿ ತದಡಿಗೂ ಅಘನಾಶಿನಿ ಗ್ರಾಮಕ್ಕೂ ನಡುವೆ ಸಮುದ್ರವನ್ನು ಸೇರುತ್ತದೆ. ಮಳೆಗಾಲದಲ್ಲಿ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಬೇಸಗೆಯಲ್ಲಿ ಉಪ್ಪುನೀರು ಬಹುದೂರ ಒಳಕ್ಕೆ ಏರುತ್ತದೆ. ಅಳಿವೆಯ ಜೀವರಾಶಿಯೆಲ್ಲವೂ ಈ ವಾರ್ಷಿಕ ಲಯಕ್ಕೆ ಹೊಂದಿಕೊಂಡಿದೆ.

ಕಾಂಡ್ಲಾಗಿಡಗಳ ರಚನೆಯನ್ನು ಇಲ್ಲಿ ಸಾವಕಾಶವಾಗಿ ಪರೀಕ್ಷಿಸಬೇಕು. ಕೆಸರಿನಲ್ಲಿ ಆಮ್ಲಜನಕ ಅತ್ಯಲ್ಪ. ಆದಕಾರಣ ಅವಿಸೆನ್ನಿಯಾ ಜಾತಿಯ ಗಿಡಗಳು ಪೆನ್ಸಿಲಿನಂತಹ ಉಸಿರುಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತವೆ. ರೈಜೋಫೊರಾ ಗಿಡಗಳು ಕಾಂಡದಿಂದ ಕಮಾನಿನಂತೆ ಇಳಿಯುವ ಊರುಗೋಲು ಬೇರುಗಳಿಂದ ಅಲೆಯ ಹೊಡೆತವನ್ನು ತಡೆದು ನಿಲ್ಲುತ್ತವೆ. ಉಪ್ಪಿನ ವಿಷಯದಲ್ಲಿಯೂ ಇವುಗಳ ಉಪಾಯ ಭಿನ್ನ. ರೈಜೋಫೊರಾ ಬೇರಿನಲ್ಲಿಯೇ ಉಪ್ಪಿನ ಬಹುಭಾಗವನ್ನು ತಡೆಯುತ್ತದೆ; ಅವಿಸೆನ್ನಿಯಾ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಬಿಸಿಲೇರಿದ ಮೇಲೆ ಎಲೆಯ ಮೇಲೆ ಕಾಣುವ ಹರಳುಗಳನ್ನು ವಿದ್ಯಾರ್ಥಿಗಳು ಬೆರಳಿನಿಂದ ಮುಟ್ಟಿ ನೋಡಬಹುದು. ರೈಜೋಫೊರಾದ ಬೀಜವು ತಾಯಿಗಿಡದಲ್ಲಿರುವಾಗಲೇ ಮೊಳೆತು ನೀಳವಾದ ಸಸಿಯಾಗಿ ಕೆಳಗೆ ಬೀಳುತ್ತದೆ. ಇಳಿತವಿದ್ದರೆ ಅಲ್ಲಿಯೇ ನಾಟುತ್ತದೆ. ಉಬ್ಬರವಿದ್ದರೆ ತೇಲಿಹೋಗಿ ಬೇರೆಡೆ ನೆಲೆಯೂರುತ್ತದೆ. ಉದುರಿದ ಎಲೆಗಳು ಕೊಳೆತು ಸೂಕ್ಷ್ಮಜೀವಿಗಳಿಗೂ ಏಡಿಗಳಿಗೂ ಸಿಗಡಿಗಳಿಗೂ ಆಹಾರವಾಗುತ್ತವೆ. ಬೇರುಗಳ ನಡುವಿನ ನೀರು ಮೀನಿನ ಮರಿಗಳಿಗೆ ತೊಟ್ಟಿಲು.

ಅಳಿವೆಯ ಅಂಚಿನಲ್ಲಿರುವ ಗಜನಿ ಭೂಮಿಯನ್ನು ನೋಡದೆ ಮುಂದೆ ಹೋಗಬಾರದು. ಉಬ್ಬರದ ನೀರು ತಲುಪುವ ತಗ್ಗುನೆಲಕ್ಕೆ ಒಡ್ಡು ಹಾಕಿ, ತೂಬುಗಳನ್ನಿಟ್ಟು, ರೈತರು ಮಳೆಗಾಲದಲ್ಲಿ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಮುಂಗಾರಿನ ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ಗೊಬ್ಬರದ ಖರ್ಚಿಲ್ಲ, ಪೈರು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಕೊಯಿಲಿನ ನಂತರ ತೂಬು ತೆರೆದರೆ ಉಬ್ಬರದೊಡನೆ ಮೀನು, ಸಿಗಡಿಗಳು ಒಳಬಂದು ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ನೆಲ ಆರು ತಿಂಗಳು ಗದ್ದೆ, ಆರು ತಿಂಗಳು ಕೆರೆ. ಈ ಪದ್ಧತಿಗೂ ಕೋಟೆಗೋಡೆಗೂ ಪರಂಪರೆಯೆಂಬ ಹೆಸರು ಸಮಾನವಾಗಿ ಸಲ್ಲಬೇಕು. ಏಕೆಂದರೆ ಎರಡೂ ಅನೇಕ ತಲೆಮಾರುಗಳ ಬುದ್ಧಿಯ ಫಲ. ಆದರೆ ಕಗ್ಗದ ಬೇಸಾಯ ಬಹಳ ಕುಗ್ಗಿದೆ. 1990ರ ದಶಕದಲ್ಲಿ ಸಿಗಡಿ ಸಾಕಣೆಯ ಲಾಭಕ್ಕೆ ಮನಸೋತು ಗಜನಿಗಳನ್ನು ಅದಕ್ಕೆ ಬಿಟ್ಟವರುಂಟು. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂತಹ ಊರುಗಳಲ್ಲಿ ರೈತರು ಈ ತಳಿಯನ್ನು ಉಳಿಸಿಕೊಂಡು ಬಂದಿದ್ದಾರೆ.

ಇಳಿತದ ಸಮಯದಲ್ಲಿ ಅಳಿವೆಯ ಮರಳುದಿಣ್ಣೆಗಳ ಮೇಲೆ ಗಂಡಸರೂ ಹೆಂಗಸರೂ ಚಿಪ್ಪಿಕಲ್ಲು ಆಯುವುದನ್ನು ಕಾಣಬಹುದು. ಬಂಡವಾಳವಾಗಲಿ ಯಂತ್ರವಾಗಲಿ ಬೇಡದ, ಅನೇಕ ಬಡ ಕುಟುಂಬಗಳಿಗೆ ದಿನದ ಊಟವನ್ನೂ ಕೂಲಿಯನ್ನೂ ಕೊಡುವ ಉದ್ಯೋಗವಿದು. 2000ರ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ಸ್ಥಾವರ ಸ್ಥಾಪಿಸುವ ಪ್ರಸ್ತಾಪ ಬಂದಾಗ ಸ್ಥಳೀಯರು ಅದನ್ನು ವಿರೋಧಿಸಿದುದಕ್ಕೆ ಈ ಜೀವನೋಪಾಯವೇ ಒಂದು ಮುಖ್ಯ ಕಾರಣ. ಆ ಯೋಜನೆ ಕೈಗೂಡಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರು ಪ್ರದೇಶವನ್ನು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಿದ್ದು ಪ್ರಕಟವಾಯಿತು.

ಹೊನ್ನಾವರ ಮತ್ತು ಶರಾವತಿ

ಮಧ್ಯಾಹ್ನದ ಹೊತ್ತಿಗೆ ಕುಮಟೆಯ ಮಾರ್ಗವಾಗಿ ಹೊನ್ನಾವರವನ್ನು ಸೇರಬಹುದು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಎಂಬ ಪ್ರವಾಸಿ ಈ ಪಟ್ಟಣದಲ್ಲಿ ಬಾಲಕರಿಗೆ 23, ಬಾಲಿಕೆಯರಿಗೆ 13 ಪಾಠಶಾಲೆಗಳಿದ್ದುದನ್ನು ದಾಖಲಿಸಿದ್ದಾನೆ. 1569ರಲ್ಲಿ ಪೋರ್ಚುಗೀಸರು ಇದನ್ನು ಹಿಡಿದು ಕೋಟೆ ಕಟ್ಟಿದರು. ಮುಂದಿನ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ ಅವರು ಅದನ್ನು ಕಳೆದುಕೊಂಡರು.

ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾವನದಲ್ಲಿ ಅರಣ್ಯ ಇಲಾಖೆಯವರು ಹಲಗೆಯ ಕಾಲುದಾರಿಯನ್ನು ನಿರ್ಮಿಸಿದ್ದಾರೆ. ಕೆಸರನ್ನು ತುಳಿಯದೆ, ಉಸಿರುಬೇರುಗಳಿಗೆ ಹಾನಿ ಮಾಡದೆ, ಗಿಡಗಳನ್ನು ಸಮೀಪದಿಂದ ನೋಡಲು ಇದು ಅನುಕೂಲ. ಇಲ್ಲಿ ಬೆಳಗಿನ ಅವಲೋಕನವನ್ನು ನೆನಪಿಗೆ ತಂದುಕೊಂಡು ನೀರಿನ ಲವಣಾಂಶವನ್ನು ಅಳೆಯಬೇಕು. ಕಡಲಿನ ನೀರಿನಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ 35 ಭಾಗ ಉಪ್ಪಿರುತ್ತದೆ. ಅಘನಾಶಿನಿಯಲ್ಲಿ ಬೇಸಗೆಯ ಲವಣಾಂಶ ಮೇಲಕ್ಕೇರಿದರೆ, ಶರಾವತಿಯಲ್ಲಿ ಹಾಗಾಗುವುದಿಲ್ಲ.

ಇದರ ಕಾರಣವನ್ನು ಹುಡುಕಲು ಘಟ್ಟದ ಕಡೆಗೆ ನೋಡಬೇಕು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅಲ್ಲಿ ಸಂಗ್ರಹವಾದ ಮಳೆನೀರು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಮೂಲಕ ವರ್ಷವಿಡೀ ಕೆಳಕ್ಕೆ ಬರುತ್ತದೆ. ಬೇಸಗೆಯಲ್ಲಿಯೂ ಸಿಹಿನೀರು ಹರಿಯುತ್ತಿರುವುದರಿಂದ ಕಡಲಿನ ಉಪ್ಪು ಅಳಿವೆಯೊಳಕ್ಕೆ ಮೊದಲಿನಂತೆ ಏರಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿ, ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಚಿಪ್ಪಿಕಲ್ಲುಗಳು ಸಮೃದ್ಧವಾಗಿದ್ದು ಶರಾವತಿಯಲ್ಲಿ ಅವು ಕ್ಷೀಣಿಸಿರುವುದನ್ನು ತೋರಿಸಿದ್ದಾರೆ. ಕಾಂಡ್ಲಾವನದ ಸ್ವರೂಪದಲ್ಲಿಯೂ ವ್ಯತ್ಯಾಸವುಂಟು. ಉಪ್ಪು ಕಡಮೆಯಾದ ನೀರನ್ನು ಬಯಸುವ ಸೊನ್ನರೇಷಿಯಾ ಕ್ಯಾಸಿಯೊಲಾರಿಸ್‌ನಂತಹ ಮರಗಳಿಗೆ ಶರಾವತಿ ಹೆಚ್ಚು ಅನುಕೂಲವಾಗಿದೆ. ಶರಾವತಿಯ ದಡದಲ್ಲಿ ನಿಂತವನಿಗೆ ನದಿ ತುಂಬಿಯೇ ಕಾಣುತ್ತದೆ, ಮರಗಳೂ ಹಸುರಾಗಿಯೇ ಕಾಣುತ್ತವೆ. ಇಲ್ಲವಾದುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಶರಾವತಿಯ ವಿದ್ಯುತ್ತಿನಿಂದ ನಾಡಿಗೆ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಈ ಲೇಖನವನ್ನು ಓದುವ ದೀಪಕ್ಕೂ ಅದರ ಋಣವಿರಬಹುದು. ಆದರೆ ಉಪಕಾರದ ಲೆಕ್ಕವನ್ನು ಬರೆಯುವಾಗ ಅಳಿವೆಯಲ್ಲಿ ಚಿಪ್ಪಿಕಲ್ಲು ಆಯುತ್ತಿದ್ದವರು ತೆತ್ತ ಬೆಲೆಯನ್ನೂ ಅದೇ ಪುಟದಲ್ಲಿ ಬರೆಯುವುದು ಪ್ರಾಮಾಣಿಕತೆ.

ಗೇರುಸೊಪ್ಪೆಯ ಚತುರ್ಮುಖ ಬಸದಿ

ಸಂಜೆಗೆ ಮುಂಚೆ ಗೇರುಸೊಪ್ಪೆಯನ್ನು ತಲುಪಬೇಕು. ಹೊನ್ನಾವರದಿಂದ ಸುಮಾರು 30 ಕಿಲೋಮೀಟರು ಒಳಗೆ, ಘಟ್ಟದ ಬುಡದಲ್ಲಿ, ಮೆಣಸು ಎತ್ತಿನ ಬೆನ್ನಿನಿಂದ ದೋಣಿಗೆ ಇಳಿಯುತ್ತಿದ್ದ ಸ್ಥಾನದಲ್ಲಿ ಈ ರಾಜಧಾನಿಯಿತ್ತು. ಶಾಸನಗಳಲ್ಲಿ ಬರುವ ನಗಿರೆ ಇದೇ. ಕಾಡಿನ ನಡುವೆ ಉಳಿದಿರುವ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳು. ಗರ್ಭಗೃಹದಲ್ಲಿ ನಾಲ್ಕು ದಿಕ್ಕಿಗೂ ಮುಖಮಾಡಿದ ತೀರ್ಥಂಕರರ ಮೂರ್ತಿಗಳು. 17ನೆಯ ಶತಮಾನದ ಆರಂಭದಲ್ಲಿ ಕೆಳದಿಯ ನಾಯಕರು ಈ ರಾಜ್ಯವನ್ನು ಗೆದ್ದರು. 1623ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಹೊನ್ನಾವರದಿಂದ ನದಿಯ ಮೇಲೆ ಇಲ್ಲಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಆಗಲೇ ಹಾಳಾಗಿದ್ದ ನಗರವನ್ನು ಕಂಡನು. ವಿದ್ಯಾರ್ಥಿಗಳು ಗಮನಿಸಬೇಕಾದುದೇನೆಂದರೆ, ಯುದ್ಧವೊಂದು ನಗರವನ್ನು ಕೆಲವು ವರ್ಷಗಳಲ್ಲಿ ಬರಿದು ಮಾಡಿತು. ಆದರೆ ನದಿಯ ಲಯವು ಆ ಸೋಲಿನ ನಂತರವೂ ಮೂರೂವರೆ ಶತಮಾನಗಳ ಕಾಲ ಹಾಗೆಯೇ ಉಳಿದಿತ್ತು.

ಅಧ್ಯಾಪಕರಿಗೆ ಕೆಲವು ಸೂಚನೆಗಳು

ಈ ಪ್ರವಾಸದ ವೇಳಾಪಟ್ಟಿಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವಿಳಿತದ ಕೋಷ್ಟಕವನ್ನು ನೋಡಿ ಸಿದ್ಧಪಡಿಸಬೇಕು. ಅಘನಾಶಿನಿಯನ್ನು ತಲುಪುವ ಹೊತ್ತಿಗೆ ಇಳಿತವಿರುವ ದಿನವೇ ಪ್ರಶಸ್ತ. ಮಳೆಗಾಲ ಕಳೆದ ಮೇಲೆ ಒಮ್ಮೆಯೂ ಏಪ್ರಿಲ್ ತಿಂಗಳಿನಲ್ಲಿ ಇನ್ನೊಮ್ಮೆಯೂ ಅದೇ ಸ್ಥಳಗಳಲ್ಲಿ ಲವಣಾಂಶವನ್ನು ಅಳೆದರೆ ಎರಡು ನದಿಗಳ ಭೇದ ತಾನೇ ತಾನಾಗಿ ಸ್ಪಷ್ಟವಾಗುತ್ತದೆ. ಮಾರ್ಗದರ್ಶನಕ್ಕೆ ಅಧ್ಯಾಪಕರ ಜೊತೆಗೆ ಗಜನಿಯ ರೈತರೊಬ್ಬರೂ ಮೀನುಗಾರರೊಬ್ಬರೂ ಇರುವುದು ಅವಶ್ಯ; ಅವರ ಶ್ರಮಕ್ಕೆ ತಕ್ಕ ಸಂಭಾವನೆ ಸಲ್ಲಬೇಕು. ಸ್ಮಾರಕಗಳಿಂದ ಚೂರುಗಳನ್ನಾಗಲಿ ಕಾಂಡ್ಲಾವನದಿಂದ ಸಸಿಗಳನ್ನಾಗಲಿ ತರಕೂಡದು. ಇತಿಹಾಸದ ವಿದ್ಯಾರ್ಥಿ ಲವಣಮಾಪಕವನ್ನು ಹಿಡಿಯುವಂತೆಯೂ, ವಿಜ್ಞಾನದ ವಿದ್ಯಾರ್ಥಿ ಬಸದಿಯ ನಕ್ಷೆಯನ್ನು ಬರೆಯುವಂತೆಯೂ ಕೆಲಸವನ್ನು ಹಂಚಿದರೆ ಉತ್ತಮ.

ಕೋಟೆಯ ಕಲ್ಲು ಬಿದ್ದರೆ ಅದನ್ನು ಎತ್ತಿ ಮತ್ತೆ ಇಡಬಹುದು. ಪುರಾತತ್ತ್ವ ಇಲಾಖೆ ಮಿರ್ಜಾನದಲ್ಲಿ ಅಂತಹ ಕೆಲಸವನ್ನು ಮಾಡಿದೆ. ಅಳಿವೆಯ ಲಯ ತಪ್ಪಿದರೆ ಅದನ್ನು ಸರಿಪಡಿಸುವ ಗಾರೆಕೆಲಸ ಯಾವುದೂ ಇಲ್ಲ. ನಮ್ಮ ಸ್ಮಾರಕಗಳ ಪಟ್ಟಿಯಲ್ಲಿ ಅಘನಾಶಿನಿಯ ಉಬ್ಬರವಿಳಿತಕ್ಕೂ ಒಂದು ಸ್ಥಾನವಿರಬೇಕೆಂದು ವಿದ್ಯಾರ್ಥಿಗಳು ತಮ್ಮ ಕಣ್ಣಿನಿಂದಲೇ ಕಂಡು ತೀರ್ಮಾನಿಸಿದರೆ ಈ ಒಂದು ದಿನದ ಪ್ರವಾಸ ಸಾರ್ಥಕವಾದಂತೆ.