ದಂಡಿನ ಐರಿಷರು, ನಮ್ಮ ಹೆಳವರು

ಪ್ರಶ್ನೆ: ಬಳ್ಳಾರಿ ದಂಡಿನಲ್ಲಿದ್ದ ಐರಿಷ್ ಸೈನಿಕರ ವಂಶದವರು ಪೂರ್ವಜರನ್ನು ಹೇಗೆ ಹುಡುಕುತ್ತಾರೆ? ನಮಗೂ ಅಂಥ ದಾಖಲೆ ಉಂಟೆ?
— ಓದುಗರೊಬ್ಬರು, ಕುರುಗೋಡು

ಉತ್ತರ: 1800ರಲ್ಲಿ ಬಳ್ಳಾರಿ ಬ್ರಿಟಿಷರ ಕೈಸೇರಿ, ಮದ್ರಾಸ್ ಆಡಳಿತಕ್ಕೆ ಒಳಪಟ್ಟಿತು. ಚರ್ಚುಗಳಲ್ಲಿ ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ವಿವರಗಳ ಪ್ರತಿಗಳು ಮದ್ರಾಸಿನಿಂದ ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಐರ್ಲೆಂಡಿನಲ್ಲಿ ಹುಡುಕಾಟ ಕಷ್ಟ: 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟು, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಬೂದಿಯಾಯಿತು. 1901, 1911ರ ಗಣತಿಗಳು ಉಳಿದಿವೆ, ಉಚಿತವಾಗಿ ನೋಡಬಹುದು.

ನಮ್ಮ ವಂಶಾವಳಿ ಹೆಳವರ ಬಳಿ ಇದೆ. ಅವರು ಊರೂರು ತಿರುಗಿ ಮನೆತನದ ಮೂಲ, ಬೆಡಗು, ತಲೆಮಾರುಗಳ ಹೆಸರು ಹೇಳಿ, ಹೊಸ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಕುರುಗೋಡು, ಸಿರುಗುಪ್ಪದ ನಿಮ್ಮ ಹಿರಿಯರನ್ನು ಕೇಳಿ ಮನೆತನದ ಹೆಳವರನ್ನು ಗುರುತಿಸಿ. ಅವರು ಹೇಳಿದ್ದನ್ನು ತಡಮಾಡದೆ ಬರೆದಿಡಿ.