ಅಜ್ಜಿಯ ಗಂಟಿನ ಹಾಲಿ ಸಿಕ್ಕಾ: ಅಸಲಿ ಯಾವುದು, ನಕಲಿ ಯಾವುದು?

ಸಿಕಂದರಾಬಾದ್: ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಅವಳಿ ನಗರದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಹುಡುಕಿದರೆ ಈಗಲೂ ಅಲ್ಲೊಂದು ಇಲ್ಲೊಂದು ಪುಟ್ಟ ಗಂಟು ಸಿಗುತ್ತದೆ. ಅಜ್ಜಿ ತವರಿನಿಂದ ತಂದದ್ದೋ, ಲಕ್ಷ್ಮೀಪೂಜೆಗೆಂದು ದೇವರ ಕೋಣೆಯಲ್ಲಿ ಇಟ್ಟದ್ದೋ, ಅಂತೂ ಬೆಳ್ಳಿಯ ನಾಲ್ಕಾರು ರೂಪಾಯಿಗಳು. ಹಿರಿಯರು ಇವುಗಳಲ್ಲಿ ಎರಡು ಜಾತಿ ಹೇಳುತ್ತಿದ್ದರು. ನಿಜಾಮರ ರೂಪಾಯಿ ಹಾಲಿ ಸಿಕ್ಕಾ, ಇಂಗ್ಲಿಷರದು ಕಲ್ದಾರ್. ನೂರು ಕಲ್ದಾರಿಗೆ ನೂರಹದಿನಾರು ರೂಪಾಯಿ ಚಿಲ್ಲರೆ ಹಾಲಿ ಎಂಬ ಲೆಕ್ಕ ಅಂದಿನವರಿಗೆ ಬಾಯಿಪಾಠವಾಗಿತ್ತು.

ಈ ನಾಣ್ಯಗಳನ್ನು ಕೊಳ್ಳುವ, ಮಾರುವ, ಒಂದಕ್ಕೆ ಒಂದು ಬದಲಾಯಿಸಿಕೊಳ್ಳುವ ಹವ್ಯಾಸ ನಿವೃತ್ತರಲ್ಲೂ ಶಾಲಾ ಮಕ್ಕಳಲ್ಲೂ ಇದೆ. ಚಾರ್ಮಿನಾರ್ ಸುತ್ತಮುತ್ತ ಹಳೆಯ ನಾಣ್ಯ ಹರವಿಕೊಂಡು ಕೂರುವವರನ್ನು ನೋಡದವರಿಲ್ಲ. ಈಗ ಮೊಬೈಲಿನಲ್ಲೂ ಅದೇ ವ್ಯಾಪಾರ. ಬೇಡಿಕೆ ಇರುವ ಕಡೆ ನಕಲಿಯೂ ಬರುತ್ತದೆ. ಬೇಸರದ ಸಂಗತಿಯೆಂದರೆ, ಮೋಸ ಹೋದವರಲ್ಲಿ ಕೆಲವರು ವಿಷಯ ತಿಳಿದ ಮೇಲೂ ಬಾಯಿ ಮುಚ್ಚಿಕೊಂಡು ಅದೇ ನಾಣ್ಯವನ್ನು ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಆ ಇನ್ನೊಬ್ಬರು ಎಷ್ಟೋ ಸಲ ಪರಿಚಯದವರೇ, ಒಂದೇ ಸಂಘದ ಸದಸ್ಯರೇ ಆಗಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ನಕಲಿ 1818ರ ತಾಮ್ರದ ಆಣೆ. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 'ಯುಕೆಎಲ್ ಒನ್ ಆನಾ' ಎಂಬ ಬರಹ. ಕೆಲವದರಲ್ಲಿ ಓಂಕಾರ, ಕೆಲವದರಲ್ಲಿ ಲಕ್ಷ್ಮಿ. ದೇವರ ಚಿತ್ರವಿದೆಯೆಂದು ಪೂಜೆಯಲ್ಲಿಟ್ಟವರೂ ಇದ್ದಾರೆ, ಇಡಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಕಂಪನಿ ಸರ್ಕಾರ ಇಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಲ್ಲ. ಕಂಪನಿಯ ಆಡಳಿತಕ್ಕೆಲ್ಲ ಒಂದೇ ಬಗೆಯ ನಾಣ್ಯ ಬಂದದ್ದೇ 1835ರಲ್ಲಿ. ಆ ವರ್ಷದ ಅಸಲಿ ಕಾಲಾಣೆಯಲ್ಲಿ ಒಂದು ಬದಿಗೆ ಕಂಪನಿಯ ಸಿಂಹಗಳ ಲಾಂಛನ, ಇನ್ನೊಂದು ಬದಿಗೆ ಎಲೆಮಾಲೆಯ ನಡುವೆ ಬೆಲೆ ಇರುತ್ತದೆ. ಇನ್ನು ಒಂದಾಣೆ ಎಂಬ ನಾಣ್ಯ ಜನರ ಕೈಗೆ ಬಂದದ್ದು 1907ರಲ್ಲಿ, ಏಳನೇ ಎಡ್ವರ್ಡ್ ಕಾಲದಲ್ಲಿ. ಅದೂ ತಾಮ್ರದ್ದಲ್ಲ, ನಿಕ್ಕಲ್ ಬೆರೆತ ಬಿಳಿ ಲೋಹದ್ದು, ಅಂಚು ಅಲೆಅಲೆಯಾಗಿದ್ದದ್ದು. ಇಷ್ಟು ತಿಳಿದವರಿಗೆ 1818ರ ಆಣೆ ಮಾರಲು ಯಾರಿಂದಲೂ ಆಗದು. ಇಂಥದ್ದಕ್ಕೇ 'ಅಕ್ಕಿ ಸೆಳೆಯುವ ಶಕ್ತಿ ಇದೆ' ಎಂದು ಕಥೆ ಕಟ್ಟಿ ಲಕ್ಷಗಟ್ಟಲೆ ಪೀಕಿದ 'ರೈಸ್ ಪುಲ್ಲರ್' ಗುಂಪುಗಳನ್ನು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಪೊಲೀಸರು ಹಲವು ಸಲ ಹಿಡಿದಿದ್ದಾರೆ.

ನಮ್ಮ ಊರಿನದೇ ಆದ ಚಾರ್ಮಿನಾರ್ ರೂಪಾಯಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ, 1903-04ರ ಸುಮಾರಿಗೆ, ಸೈಫಾಬಾದಿನ ಟಂಕಸಾಲೆಯಲ್ಲಿ ಯಂತ್ರದಿಂದ ಅಚ್ಚಾಗಿ ಬಂದ ನಾಣ್ಯವಿದು. ತೂಕ 11.18 ಗ್ರಾಂ, ಸಾವಿರಕ್ಕೆ 818 ಪಾಲು ಬೆಳ್ಳಿ. ಚಾರ್ಮಿನಾರಿನ ನಡುವಣ ಬಾಗಿಲನ್ನು ಭೂತಕನ್ನಡಿ ಹಿಡಿದು ನೋಡಿದರೆ ಅಲ್ಲೊಂದು ಪುಟ್ಟ ಅಕ್ಷರ ಕಾಣುತ್ತದೆ. ಮಹಬೂಬ್ ಅಲಿ ಖಾನರ ನಾಣ್ಯವಾದರೆ 'ಮೀಮ್', 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದಾದರೆ 'ಐನ್'. ನಾಣ್ಯದ ಮೇಲಿನ ವರ್ಷ ಹಿಜರಿಯದು, ಉರ್ದು ಅಂಕಿಗಳಲ್ಲಿ ಇರುತ್ತದೆ. ಹಿಜರಿ 1330 ಅಥವಾ ಆಮೇಲಿನ ವರ್ಷವಿದ್ದು ಬಾಗಿಲಲ್ಲಿ ಮೀಮ್ ಇದ್ದರೆ ಅನುಮಾನಿಸಲೇಬೇಕು. ಬಾಗಿಲಲ್ಲಿ ಅಕ್ಷರವೇ ಇಲ್ಲದೆ ಬರೀ ಉಬ್ಬು ಇದ್ದರೆ, ಒಂದೋ ನಾಣ್ಯ ಪೂರಾ ಸವೆದಿರಬೇಕು, ಇಲ್ಲವೇ ಎರಕ ಹೊಯ್ದದ್ದಿರಬೇಕು. ಮಿಕ್ಕ ಅಕ್ಷರಗಳೆಲ್ಲ ಚೂಪಾಗಿದ್ದು ಬಾಗಿಲು ಮಾತ್ರ ಸವೆಯುವುದು ಹೇಗೆ? ಉರ್ದು ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಇಂಥ ವೇಳೆಯಲ್ಲಿ ದೊಡ್ಡ ಆಸ್ತಿ.

ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗೆ ಅದರಲ್ಲಿ ಸಾವಿರಕ್ಕೆ 917 ಪಾಲು ಬೆಳ್ಳಿ, 1940ರಿಂದ 45ರವರೆಗೆ ಅರ್ಧಕ್ಕರ್ಧ, 1947ರಲ್ಲಿ ಬರೀ ನಿಕ್ಕಲ್. ಅಯಸ್ಕಾಂತಕ್ಕೆ ಬೆಳ್ಳಿ ಅಂಟದು ಎಂಬುದು ಎಲ್ಲರಿಗೂ ಗೊತ್ತು. ಆದರೆ 1947ರ ರೂಪಾಯಿ ಅಂಟಿತೆಂದು ಎಸೆದುಬಿಟ್ಟೀರಿ, ಅದು ಅಂಟಲೇಬೇಕು! 1939ರ ಆರನೇ ಜಾರ್ಜ್ ರೂಪಾಯಿ ಮಾತ್ರ ಬಹಳ ಅಪರೂಪ. ಅಪರೂಪವೆಂದೇ ಅದರ ನಕಲಿ ಧಾರಾಳ. ಆ ಇಸವಿ ಕಂಡೊಡನೆ ಆನಂದಪಡುವ ಬದಲು ತಕ್ಕಡಿ ಕೇಳುವುದು ಒಳ್ಳೆಯದು.

ತಕ್ಕಡಿಗೇನೂ ಕೊರತೆಯಿಲ್ಲ, ಪಾಟ್ ಮಾರ್ಕೆಟಿನ ಸರಾಫರ ಅಂಗಡಿಗಳಲ್ಲಿ ಮಿಲಿಗ್ರಾಂವರೆಗೆ ತೂಗುವವು ಇವೆ. ಓಡಾಡಿ ಸವೆದ ನಾಣ್ಯ ಸ್ವಲ್ಪ ಹಗುರಾಗಬಹುದು, ಹೆಚ್ಚು ಭಾರವಾಗಲಾರದು. ಬಳಿಕ ಅಂಚು ನೋಡಬೇಕು. ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ಬೆಸುಗೆಯಂಥ ಗೆರೆಯೋ, ಅದನ್ನು ಅರದಿಂದ ಉಜ್ಜಿದ ಗುರುತೋ ಇರುತ್ತದೆ, ಮೈಮೇಲೆ ಸಾಸಿವೆಗಿಂತ ಸಣ್ಣ ತೂತುಗಳಿರುತ್ತವೆ. ಮೈ ಕಪ್ಪಾಗಿದೆ ಎಂದ ಮಾತ್ರಕ್ಕೆ ಹಳೆಯದೆನ್ನಲಾಗದು, ಗಂಧಕದ ಹೊಗೆಯಲ್ಲಿ ಒಂದು ದಿನದಲ್ಲೇ ಕಪ್ಪು ಮಾಡಬಹುದು. ಇನ್ನು ಬೆಲೆಯ ಲೆಕ್ಕ. ಕಲ್ದಾರಿನಲ್ಲಿ ಸುಮಾರು 10.7 ಗ್ರಾಂ, ಚಾರ್ಮಿನಾರಿನಲ್ಲಿ ಸುಮಾರು 9.1 ಗ್ರಾಂ ಶುದ್ಧ ಬೆಳ್ಳಿ ಇದೆ. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಲೋಹದ ಬೆಲೆಯೇ ಸಿಗುತ್ತದೆ. ಅದಕ್ಕಿಂತ ಅಗ್ಗಕ್ಕೆ ಕೊಡುತ್ತೇನೆ ಎನ್ನುವ ವ್ಯಾಪಾರಿ ದಾನಶೂರ ಕರ್ಣನೇನೂ ಅಲ್ಲ. ಹಾಗೆಂದು ಬೆಳ್ಳಿ ಅಸಲಿ ಎಂದೊಡನೆ ನಾಣ್ಯವೂ ಅಸಲಿ ಎನ್ನುವಂತಿಲ್ಲ. ಅಪರೂಪದ ಇಸವಿಗಳನ್ನು ಒಳ್ಳೆಯ ಬೆಳ್ಳಿಯಲ್ಲೇ ನಕಲು ಮಾಡುವವರಿದ್ದಾರೆ.

ಮೈಸೂರಿನ ಕಂಠೀರಾಯ ಹಣ, ವಿಜಯನಗರದ ವರಾಹಗಳ ಮಾತು ಬೇರೆ. ಅರ್ಧ ಗ್ರಾಂ ಸಹ ತೂಗದ ಕಂಠೀರಾಯ ಹಣದಲ್ಲಿ ಭೂತಕನ್ನಡಿಯೂ ಸೋಲುತ್ತದೆ. ಚೀಟಿ ಬರೆದುಕೊಡುವ, ಸುಳ್ಳಾದರೆ ವಾಪಸು ಪಡೆಯುವ ವ್ಯಾಪಾರಿಯಿಂದಲ್ಲದೆ ಚಿನ್ನದ ನಾಣ್ಯ ಕೊಳ್ಳದಿರುವುದೇ ಲೇಸು. ಓದಿ ತಿಳಿಯಬೇಕೆನ್ನುವವರಿಗೆ ಡಾ. ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಇಂಗ್ಲಿಷಿನಲ್ಲಿ ತಂದ ಕರ್ನಾಟಕದ ನಾಣ್ಯಗಳ ಪುಸ್ತಕವಿದೆ. ಕಣ್ಣಾರೆ ನೋಡಬೇಕೆನ್ನುವವರು ಪಬ್ಲಿಕ್ ಗಾರ್ಡನ್ಸಿನ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು.

ಕೊಳ್ಳುವಾಗಿನ ಮೋಸಕ್ಕಿಂತ ಮಾರುವಾಗಿನ ಮೋಸವೇ ಈಚೆಗೆ ಹೆಚ್ಚು. 'ನಿಮ್ಮಲ್ಲಿ ಟ್ರ್ಯಾಕ್ಟರ್ ಚಿತ್ರದ ಐದರ ನೋಟಿದೆಯೇ, ವೈಷ್ಣೋದೇವಿ ನಾಣ್ಯವಿದೆಯೇ, ಲಕ್ಷ ಕೊಡುತ್ತೇವೆ' ಎಂದು ಕರೆ ಬರುತ್ತದೆ. ಆಮೇಲೆ ನೋಂದಣಿಗೆ ಇಷ್ಟು, ತೆರಿಗೆಗೆ ಇಷ್ಟು, ರಿಸರ್ವ್ ಬ್ಯಾಂಕ್ ಕಮಿಷನ್ ಇಷ್ಟು ಎಂದು ಪಿಂಚಣಿ ಹಣ ಕಂತು ಕಂತಾಗಿ ಹೋಗುತ್ತದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆಯನ್ನೇ ಹೊರಡಿಸಿದೆ. ಹಣ ಹೋದ ಕೂಡಲೇ, ಮಕ್ಕಳು ಬೈದಾರೆಂದು ಸುಮ್ಮನಿರದೆ, 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಅಮೆರಿಕದ ಮೊಮ್ಮಕ್ಕಳಿಗೆ ಅಜ್ಜಿಯ ನಾಣ್ಯ ಕಳುಹಿಸುವ ಆಸೆಯಿದ್ದವರಿಗೂ ಒಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಗಂಟು ಇಲ್ಲೇ ಇರಲಿ. ದೀಪಾವಳಿಗೆ ಹೊರತೆಗೆದಾಗ ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ. ಥಳಥಳ ಹೊಳೆಯುವಂತೆ ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಅರ್ಧ ಬೆಲೆಯನ್ನೂ ಹೇಳುವುದಿಲ್ಲ.